ಕತ್ತಿನ ಗಂಟಿಗೆ ಇಂಜೆಕ್ಷನ್: ಸೂಜಿಗೆ ಮುಂಚೆ, ಸೂಜಿಯ ನಂತರ

ಕತ್ತು ಮತ್ತು ಭುಜ ಕೂಡುವ ಕಡೆ ಬೆರಳಿಟ್ಟು ಒತ್ತಿ ನೋಡಿ. ಕೆಲವರಿಗೆ ಅಲ್ಲಿ ಅವರೆಕಾಳಿನಷ್ಟು ಗಟ್ಟಿ ಗಂಟು ಸಿಗುತ್ತದೆ. ಒತ್ತುವುದು ಭುಜವನ್ನಾದರೂ ನೋವು ಕಿವಿಯ ಹಿಂದೆ ಹತ್ತಿ ಹಣೆಯ ಪಕ್ಕಕ್ಕೆ ಬರುತ್ತದೆ. ಇದನ್ನು ತಲೆನೋವು ಅಂದುಕೊಂಡು ವರ್ಷಗಟ್ಟಲೆ ಮಾತ್ರೆ ನುಂಗುವವರಿದ್ದಾರೆ. ಸ್ನಾಯುವಿನಲ್ಲಿರುವ ಇಂಥ ಗಂಟಿಗೆ ವೈದ್ಯರು ಟ್ರಿಗರ್ ಪಾಯಿಂಟ್ ಎನ್ನುತ್ತಾರೆ. ಯಾವ ಗಂಟಿನ ನೋವು ಎಲ್ಲಿಗೆ ಹರಿಯುತ್ತದೆ ಎಂದು ವಿವರವಾಗಿ ಗುರುತಿಸಿದವರಲ್ಲಿ ಅಮೆರಿಕದ ಡಾ. ಜನೆಟ್ ಟ್ರಾವೆಲ್ ಮುಖ್ಯರು. ಜಾನ್ ಎಫ್. ಕೆನಡಿ ಅವರ ಬೆನ್ನುನೋವಿಗೆ ಇಂಜೆಕ್ಷನ್ ಕೊಟ್ಟಿದ್ದ ಅವರು 1961ರಲ್ಲಿ ಅಧ್ಯಕ್ಷರ ವೈದ್ಯೆಯೂ ಆದರು.

ಗಂಟು ಸಿಕ್ಕ ತಕ್ಷಣ ಸೂಜಿಗೆ ಓಡಬೇಕಿಲ್ಲ. ಬಿಸಿ ಶಾಖ, ಫಿಸಿಯೋಥೆರಪಿ, ಕುಳಿತುಕೊಳ್ಳುವ ರೀತಿ ಬದಲಿಸುವುದು, ಇಷ್ಟರಲ್ಲೇ ಎಷ್ಟೋ ಗಂಟುಗಳು ಸಡಿಲವಾಗುತ್ತವೆ. ವಾರಗಟ್ಟಲೆ ಹೀಗೆ ಮಾಡಿಯೂ ಬಗ್ಗದಿದ್ದರೆ ಇಂಜೆಕ್ಷನ್ ಬಗ್ಗೆ ಕೇಳಿ. ಆದರೆ ನೋವಿನ ಜೊತೆ ಜ್ವರ ಇದ್ದರೆ, ಕೈಗೆ ಜೋಮು ಹಿಡಿದು ಶಕ್ತಿ ಕಡಿಮೆಯಾಗಿದ್ದರೆ ಮೊದಲು ಅದರ ಕಾರಣ ಗೊತ್ತಾಗಬೇಕು. ಎದೆನೋವು ಬಂದರಂತೂ ತಡಮಾಡದೆ ಆಸ್ಪತ್ರೆಗೆ ಹೋಗಿ.

ನೋವಿನ ಚಿಕಿತ್ಸೆಯಲ್ಲಿ ಪಳಗಿದ ವೈದ್ಯರನ್ನೇ ಹುಡುಕಿ. ಹೋದ ಕೂಡಲೇ ಹೇಳಬೇಕಾದ ವಿಷಯಗಳಿವೆ: ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಿದ್ದೀರಾ, ಹಲ್ಲು ಕೀಳಿಸುವಾಗ ಕೊಟ್ಟ ಮರಗಟ್ಟಿಸುವ ಔಷಧ ಒಗ್ಗದೆ ತೊಂದರೆ ಆಗಿತ್ತಾ, ಗರ್ಭಿಣಿಯಾ, ಸೂಜಿ ಕಂಡರೆ ತಲೆ ಸುತ್ತುತ್ತದಾ. ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಈಗ ಮುಖ್ಯ ಕೆಲಸ. ನಿಮ್ಮನ್ನು ಮಲಗಿಸುತ್ತಾರೆ. ತಲೆ ಸುತ್ತಿ ಬೀಳಬಾರದು ಅಂತ. ವೈದ್ಯರು ಸ್ನಾಯುವನ್ನು ಬೆರಳಿನಿಂದ ತಡವುತ್ತಾ ಹೋಗುತ್ತಾರೆ. ಇಲ್ಲಿ ಸುಮ್ನೆ ಹಲ್ಲು ಕಚ್ಚಿಕೊಂಡು ಮಲಗಬೇಡಿ. ದಿನಾ ಕಾಡುವ ಅದೇ ನೋವು ಎದ್ದಾಗ 'ಹಾಂ, ಅಲ್ಲೇ, ಇದೇ ನೋವು' ಅನ್ನಿ. ಸರಿಯಾದ ಜಾಗ ತೋರಿಸಲು ನಿಮ್ಮ ಮಾತಿನಷ್ಟು ಸಹಾಯ ಮಾಡುವುದು ಬೇರೆ ಏನೂ ಇಲ್ಲ. ಆಮೇಲೆ ಆ ಜಾಗವನ್ನು ಒರೆಸಿ, ಗಂಟನ್ನು ಎರಡು ಬೆರಳ ನಡುವೆ ಹಿಡಿದು, ಸಣ್ಣ ಸೂಜಿ ಇಳಿಸುತ್ತಾರೆ. ಗುರಿ ಸರಿಯಾಗಿ ತಾಗಿದರೆ ಸ್ನಾಯು ಒಮ್ಮೆ ಪಟ್ಟನೆ ಅದುರಬಹುದು. ಗಾಬರಿ ಬೇಡ, ಅದು ಒಳ್ಳೆಯ ಸೂಚನೆ. ಒಂದು ಗಂಟಿಗೆ ಸಾಮಾನ್ಯವಾಗಿ 1 ಮಿಲಿಲೀಟರ್ ಆಸುಪಾಸು ಲಿಗ್ನೋಕೇನ್ ಎಂಬ ಮರಗಟ್ಟಿಸುವ ಔಷಧ ಸಾಕು. ಸೂಜಿಯನ್ನು ಪೂರ್ತಿ ಹೊರಗೆ ತೆಗೆಯದೆ ಅಲ್ಲೇ ಹಿಂದೆ ಮುಂದೆ ಆಡಿಸುವುದೂ ಉಂಟು.

ಔಷಧವೇ ಇಲ್ಲದೆ ಬರೀ ಸೂಜಿ ಚುಚ್ಚಿದರೂ ಹಲವರಿಗೆ ಗುಣ ಕಾಣುತ್ತದೆ. ಔಷಧ ಇದ್ದರೆ ಆಮೇಲಿನ ನೋವು ಕಡಿಮೆ. ಹಾಗಾಗಿ 'ಸ್ಟೀರಾಯ್ಡ್ ಹಾಕಿ ಡಾಕ್ಟ್ರೇ, ಜಾಸ್ತಿ ಕೆಲಸ ಮಾಡುತ್ತೆ' ಅಂತ ಒತ್ತಾಯಿಸಬೇಡಿ. ಈ ಗಂಟುಗಳಿಗೆ ಅದರಿಂದ ಹೆಚ್ಚಿನ ಲಾಭ ಇದೆ ಎನ್ನಲು ಆಧಾರ ಗಟ್ಟಿಯಾಗಿಲ್ಲ.

ಸೂಜಿ ತೆಗೆದ ಮೇಲೆ ಕೆಲ ನಿಮಿಷ ಒತ್ತಿ ಹಿಡಿಯುತ್ತಾರೆ. ಆಮೇಲೆ ಆ ಸ್ನಾಯುವನ್ನು ನಿಧಾನಕ್ಕೆ ಹಿಗ್ಗಿಸಬೇಕು. ಭುಜದ ಗಂಟಾದರೆ ಕತ್ತನ್ನು ಇನ್ನೊಂದು ಪಕ್ಕಕ್ಕೆ ವಾಲಿಸಿ, ಹಿತವಾಗಿ ಎಳೆತ ಸಿಗುವಷ್ಟು. ಮನೆಯಲ್ಲೂ ಇದನ್ನು ಮುಂದುವರಿಸಿ. ಬಹಳ ಜನ ಬಿಡುವುದೇ ಇದನ್ನು, ನೋವು ಮತ್ತೆ ಬರುವುದಕ್ಕೆ ಇದೂ ಒಂದು ಕಾರಣ. ಒಂದೆರಡು ದಿನ ಚುಚ್ಚಿದ ಜಾಗ ನೋಯುತ್ತದೆ. ಕೈ ಆಡಿಸಿ, ಆದರೆ ತುಂಬಿದ ಕೊಡ, ಸಿಲಿಂಡರ್ ಎತ್ತಬೇಡಿ.

ಭುಜ, ಬೆನ್ನಿನ ಮೇಲ್ಭಾಗದಲ್ಲಿ ಶ್ವಾಸಕೋಶ ದೂರವಿಲ್ಲ. ಅಪರೂಪಕ್ಕೆ ಸೂಜಿ ತಾಗಿ ಅದರ ಸುತ್ತ ಗಾಳಿ ತುಂಬಿಕೊಳ್ಳಬಹುದು. ಉಸಿರು ಕಟ್ಟಿದಂತಾದರೆ, ಉಸಿರೆಳೆದಾಗ ಎದೆ ಚುಚ್ಚಿದರೆ ಬೆಳಗಾಗಲಿ ಅಂತ ಕಾಯಬೇಡಿ, ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ. ಚುಚ್ಚಿದ ಜಾಗ ಕೆಂಪಾಗಿ ಊದಿ ಜ್ವರ ಬಂದರೂ ವೈದ್ಯರಿಗೆ ತೋರಿಸಿ.

ಎರಡು ಮೂರು ಸಲ ಹಾಕಿಸಿಯೂ ಗುಣ ಕಾಣದಿದ್ದರೆ ಮತ್ತೆ ಅದೇ ಸೂಜಿಗೆ ದುಡ್ಡು ಸುರಿಯಬೇಡಿ. ಥೈರಾಯ್ಡ್ ತೊಂದರೆ, ವಿಟಮಿನ್ ಕೊರತೆ, ನಿದ್ದೆಗೇಡು ಇದೆಯಾ ಪರೀಕ್ಷಿಸಿ ಎಂದು ಕೇಳಿ.