ಉಗ್ಗಿನ ಅಳತೆ ನಂಬುವ ಮೊದಲು ಎಣಿಕೆಯನ್ನೇ ಅಳೆಯಿರಿ

ಮಂಡ್ಯದ ಹುಡುಗನೊಬ್ಬನ ವರದಿಯಲ್ಲಿ ಉಗ್ಗಿದ ಸಿಲಬಲ್ (ಉಚ್ಚಾರದ ತುಣುಕು) ಜೂನ್‌ನಲ್ಲಿ ಶೇ. 5, ಆಗಸ್ಟ್‌ನಲ್ಲಿ ಶೇ. 4 ಎಂದಿದ್ದರೆ ಉಗ್ಗು ಕಮ್ಮಿಯಾಯಿತೇ? ಹಾಗೆಂದು ಹೇಳಲಾಗದು. ಎಣಿಸಿದವರು ಬೇರೆ ಇರಬಹುದು, ಇಲ್ಲವೇ ಅವರೇ ಇನ್ನೊಮ್ಮೆ ಎಣಿಸಿದ್ದರೂ ಇಷ್ಟು ಏರುಪೇರಾಗುತ್ತಿತ್ತೋ ಏನೋ.

ಆಡಿಯೊ ಸಾಲದು, ವಿಡಿಯೊ ಮಾಡಿ. ದನಿಯೇ ಹೊರಡದ ಬ್ಲಾಕ್ ಆಡಿಯೊದಲ್ಲಿ ಬರೀ ಮೌನವಾಗಿ ಕೇಳುತ್ತದೆ. ಉಗ್ಗು ದಿನದಿಂದ ದಿನಕ್ಕೆ, ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಕ್ಲಿನಿಕ್ಕಿನ ಮಾತಿನ ಜೊತೆಗೆ ಮನೆಯದ್ದು, ಫೋನಿನದ್ದೂ ಇರಲಿ.

ಶೇಕಡಾ ಲೆಕ್ಕದಲ್ಲಿ ಕನ್ನಡಿಗರು ಎಡವುವುದು ಛೇದದಲ್ಲಿ. ಎಣಿಸಬೇಕಾದ್ದು ಬಾಯಲ್ಲಿ ಬಂದ ಸಿಲಬಲ್, ಬರಹದ ಅಕ್ಷರವಲ್ಲ. ‘ಮಾಡುತ್ತಾ ಇದ್ದೇನೆ’ ಆರು ಸಿಲಬಲ್. ನಮ್ಮ ಕಡೆ ಆಡುವ ‘ಮಾಡ್ತಿದೀನಿ’ ನಾಲ್ಕೇ. 12 ಉಗ್ಗನ್ನು 300 ಸಿಲಬಲ್‌ನಿಂದ ಭಾಗಿಸಿದರೆ ಶೇ. 4. ಅದೇ ಮಾತನ್ನು ಗ್ರಾಂಥಿಕವಾಗಿ ಬರೆದುಕೊಂಡು 400 ಎಂದು ಎಣಿಸಿದರೆ ಶೇ. 3. ಮಗುವಿನಲ್ಲಿ ಏನೂ ಬದಲಾಗಿಲ್ಲ.

ಯಾವುದು ಉಗ್ಗು ಎಂಬುದನ್ನೂ ಮೊದಲೇ ಬರೆದಿಟ್ಟುಕೊಳ್ಳಿ. ‘ಬಿಸಿ ಬಿಸಿ’, ‘ಬೇಗ ಬೇಗ’ ನಮ್ಮ ಭಾಷೆಯ ಜೋಡಿ, ಉಗ್ಗಲ್ಲ. ‘ಬಿ-ಬಿ-ಬಿಸಿ’ ಉಗ್ಗು, ಎಷ್ಟು ಸಲ ‘ಬಿ’ ಬಂದರೂ ಅದು ಒಂದೇ ಲೆಕ್ಕ. ಒತ್ತಿ ಹೇಳಲು ಎಳೆದ ‘ಅಷ್ಟೂ…ದ್ದ’ವನ್ನು ಮೈ ಬಿಗಿದು ಎಳೆದದ್ದರ ಜೊತೆ ಸೇರಿಸಬೇಡಿ.

ಈಗ ಮುಖ್ಯ ಪರೀಕ್ಷೆ. ಒಂದೇ ವಿಡಿಯೊವನ್ನು ಇಬ್ಬರು ಬೇರೆ ಬೇರೆ ಕೂತು ಗುರುತು ಹಾಕಿ. ಇಬ್ಬರಿಗೂ 12 ಬಂದರೆ ಖುಷಿಪಡುವ ಮುಂಚೆ ಗುರುತುಗಳನ್ನು ಪಕ್ಕಪಕ್ಕ ಇಡಿ. ಎಂಟು ಮಾತ್ರ ಒಂದೇ ಜಾಗದಲ್ಲಿದ್ದರೆ, ತಲಾ ನಾಲ್ಕು ಬೇರೆ ಕಡೆ ಬಿದ್ದಿವೆ: 16ರಲ್ಲಿ 8, ಅಂದರೆ ನಿಜವಾದ ಒಮ್ಮತ ಶೇ. 50. ಒಟ್ಟು ಮೊತ್ತ ಇದನ್ನು ಮುಚ್ಚಿಹಾಕುತ್ತದೆ. ಬರೀ ಮೊತ್ತದ ಒಮ್ಮತ ಬರೆದ ವರದಿಯನ್ನು ನಾವು ನಂಬುವುದಿಲ್ಲ. ಎರಡು ವಾರ ಬಿಟ್ಟು, ಹಳೆಯ ಗುರುತು ನೋಡದೆ ನೀವೇ ಮತ್ತೊಮ್ಮೆ ಎಣಿಸಿ. ಒಂಟಿಯಾಗಿ ಕ್ಲಿನಿಕ್ ನಡೆಸುವವರು, 1965ರಲ್ಲಿ ಶುರುವಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಜೊತೆಗೆ ಓದಿದವರಿದ್ದರೆ ಎಣಿಸಿಕೊಡಲು ಕೇಳಿ ನೋಡಿ. ವಿಡಿಯೊ ಕಳಿಸಲು ಮನೆಯವರ ಒಪ್ಪಿಗೆ ಬೇಕು.

ಗುರುತು ಎಲ್ಲಿ ಬೀಳಬೇಕೆಂಬ ಜಗಳ ತೀರದಿದ್ದರೆ ಐದು ನಿಮಿಷದ ವಿಡಿಯೊವನ್ನು ಐದೈದು ಸೆಕೆಂಡಿನ 60 ತುಂಡು ಮಾಡಿ, ಪ್ರತಿ ತುಂಡಿಗೆ ‘ಉಗ್ಗಿದೆ’ ಅಥವಾ ‘ಇಲ್ಲ’ ಎಂದಷ್ಟೇ ಬರೆಯಿರಿ. ಉಗ್ಗು ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂಬ ತಕರಾರು ಇಲ್ಲಿ ಬಹುಪಾಲು ಏಳುವುದೇ ಇಲ್ಲ. ಆದರೆ ಉಗ್ಗು ಅಪರೂಪವಾದ ಮಗುವಿನಲ್ಲಿ ‘ಇಲ್ಲ’ಗಳೇ ತುಂಬಿ ಒಮ್ಮತ ಸುಮ್ಮನೆ ಉಬ್ಬುತ್ತದೆ, ಆಗ ಆಕಸ್ಮಿಕವಾಗಿ ಬರಬಹುದಾದ ಒಮ್ಮತವನ್ನು ಕಳೆದು ತೋರಿಸುವ ಕಪ್ಪಾ ಲೆಕ್ಕ ಹಾಕಿ.

ಉಗ್ಗಿನ ತೀವ್ರತೆ ಅಳೆಯುವ ರೈಲಿಯವರ ಎಸ್‌ಎಸ್‌ಐ-4 ಪರೀಕ್ಷೆ ಬಳಸುವವರು ಮೂರು ಅತಿ ಉದ್ದದ ಉಗ್ಗುಗಳ ಸರಾಸರಿಯನ್ನು ಸ್ಟಾಪ್‌ವಾಚ್‌ನಲ್ಲೇ ಹಿಡಿಯಲಿ, ಅಂದಾಜು ಬೇಡ. ಮುಖ ಕಿವುಚುವುದು, ತಲೆ ಅಲುಗಿಸುವುದಕ್ಕೆ ಕೊಡುವ ಅಂಕ ನೋಡುವವರ ಮರ್ಜಿಗೆ ಹೆಚ್ಚು ಸಿಲುಕುವಂಥದ್ದು. ಹಾಗಾಗಿ ಒಟ್ಟು ಅಂಕದ ಜೊತೆ ಬಿಡಿ ಅಂಕಗಳನ್ನೂ ಬರೆಯಿರಿ.

ಪೋಷಕರಿಗೆ 0ಯಿಂದ 9ರ ಅಳತೆ ಸಾಕು: 0 ಎಂದರೆ ಉಗ್ಗಿಲ್ಲ, 9 ಎಂದರೆ ಅತಿ ತೀವ್ರ. ನಿಮ್ಮ ಅಂಕಕ್ಕೂ ಅವರದ್ದಕ್ಕೂ ಒಂದರ ಅಂತರ ಪರವಾಗಿಲ್ಲ. ಅವರು 3, ನೀವು 6 ಎಂದರೆ ಅವರದ್ದೇ ತಪ್ಪು ಎನ್ನಬೇಡಿ. ಒಂದೇ ವಿಡಿಯೊ ಜೊತೆಗೆ ಕೂತು ನೋಡಿ, ಇಬ್ಬರೂ ಬೇರೆಬೇರೆಯಾಗಿ ಅಂಕ ಕೊಡಿ. ಅಂತರ ಹಾಗೇ ಉಳಿದರೆ ಅಳತೆಯನ್ನು ಇಬ್ಬರೂ ಒಂದೇ ರೀತಿ ಅರ್ಥ ಮಾಡಿಕೊಂಡಿಲ್ಲ. ಅಂಕ ಹೊಂದಿಕೊಂಡರೆ, ಮಗು ಮನೆಗಿಂತ ನಿಮ್ಮೆದುರು ಹೆಚ್ಚು ಉಗ್ಗುತ್ತಿರಬಹುದು.