ಹಸಿರು ಕೆಲಸ ಬೇಕಾ? ವೈರಿಂಗ್‌ನಿಂದ ಶುರು ಮಾಡಿ
ನಾನು ಚಾವಣಿ ಮೇಲೆ ಸೋಲಾರ್ ಪ್ಯಾನಲ್ ಕೂರಿಸುವ ತಂಡ ನಡೆಸುತ್ತೇನೆ. ಕೆಲಸ ಕೇಳಿಕೊಂಡು ಬರುವ ಹುಡುಗ ಹುಡುಗಿಯರು ಮೊದಲು ಸರ್ಟಿಫಿಕೇಟ್ ತೋರಿಸುತ್ತಾರೆ. ನಾನು ಅವರ ಕೈಗೆ ವೋಲ್ಟೇಜ್, ಕರೆಂಟ್ ಅಳೆಯುವ ಮಲ್ಟಿಮೀಟರ್ ಕೊಡುತ್ತೇನೆ. ಅಲ್ಲೇ ಅರ್ಧ ಗೊತ್ತಾಗುತ್ತದೆ.

ಅವಕಾಶವೇನೋ ಇದೆ. 2023ರಲ್ಲಿ ಜಗತ್ತಿನಲ್ಲಿ ಸುಮಾರು 1.62 ಕೋಟಿ ಜನ ನವೀಕರಿಸಬಹುದಾದ ಇಂಧನದ ಕೆಲಸದಲ್ಲಿದ್ದರು ಅನ್ನುತ್ತದೆ ಅಂತರರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಸಂಸ್ಥೆ ಐರೆನಾ. ಅದರಲ್ಲಿ ಸೋಲಾರ್‌ನದೇ ದೊಡ್ಡ ಪಾಲು.

ಮೊದಲು ಪಳಗಿದ ಎಲೆಕ್ಟ್ರಿಷಿಯನ್ ಜೊತೆ ಕೆಲವು ತಿಂಗಳು ಓಡಾಡಿ. ಅರ್ಥಿಂಗ್ ಯಾಕೆ, ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಎಷ್ಟರದ್ದು, ಯಾವ ಲೋಡಿಗೆ ಎಷ್ಟು ದಪ್ಪದ ಕೇಬಲ್ ಅನ್ನುವುದು ಕೈಗೆ ಹತ್ತಬೇಕು.

ಆಮೇಲೆ ಡಿಸಿ, ಅಂದರೆ ಪ್ಯಾನಲ್‌ನಿಂದ ಬರುವ, ಒಂದೇ ದಿಕ್ಕಿಗೆ ಹರಿಯುವ ಕರೆಂಟ್. ಇಲ್ಲಿ ಅವಸರ ಬೇಡ. ಮನೆಗೆ ಬರುವ ಎಸಿ ಕರೆಂಟ್ ದಿಕ್ಕು ಬದಲಿಸುತ್ತಾ ಸೆಕೆಂಡಿಗೆ 100 ಅಥವಾ 120 ಸಲ ಸೊನ್ನೆಗಿಳಿಯುತ್ತದೆ, ಹಾಗಾಗಿ ಕಿಡಿ ಹತ್ತಿದರೂ ಆರುವ ಅವಕಾಶವಿದೆ. ಡಿಸಿ ಹಾಗಲ್ಲ, ಕಿಡಿ ಎಳೆದುಕೊಂಡು ಉರಿಯುತ್ತದೆ. ಪ್ಯಾನಲ್‌ಗಳನ್ನು ಸಾಲಾಗಿ ಜೋಡಿಸಿದರೆ 600 ವೋಲ್ಟ್ ದಾಟಬಹುದು. ಬಿಸಿಲಿದ್ದಾಗ ಪ್ಯಾನಲ್ ಸುಮ್ನೆ ಕೂರುವುದಿಲ್ಲ. ಅದಕ್ಕೇ ಲೋಡ್ ಇರುವಾಗ ಕನೆಕ್ಟರ್ ಎಳೆಯಲೇಬೇಡಿ. ಇನ್ವರ್ಟರ್ (ಡಿಸಿಯನ್ನು ಎಸಿ ಮಾಡುವ ಪೆಟ್ಟಿಗೆ) ನಿಲ್ಲಿಸಿ, ಡಿಸಿ ಐಸೊಲೇಟರ್ (ಪ್ಯಾನಲ್ ಕಡೆಯ ಸಂಪರ್ಕ ಕಡಿಯುವ ಸ್ವಿಚ್) ಆಫ್ ಮಾಡಿ, ವೈರ್ ಸುತ್ತ ಹಿಡಿದು ಅಳೆಯುವ ಕ್ಲಾಂಪ್ ಮೀಟರ್‌ನಲ್ಲಿ ಕರೆಂಟ್ ಸೊನ್ನೆ ಅಂತ ನೋಡಿ. ಆಮೇಲೆ ಬಿಚ್ಚಿ. ಎರಡು ಕಂಪನಿಯ ಕನೆಕ್ಟರ್‌ಗಳನ್ನು ಒಂದಕ್ಕೊಂದು ಸಿಕ್ಕಿಸುವುದೂ ಬೇಡ. ಕೂತಂತೆ ಕಂಡರೂ ಒಳಗೆ ಸಡಿಲ ಇದ್ದು ಬಿಸಿಯಾಗುತ್ತವೆ.

ನಾನು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: ಪ್ಯಾನಲ್ ಕಾದಷ್ಟೂ ವಿದ್ಯುತ್ ಜಾಸ್ತಿ ಬರುತ್ತದಾ? ಬಹಳ ಜನ ಹೌದು ಅನ್ನುತ್ತಾರೆ. ಇಲ್ಲ. ಅದಕ್ಕೆ ಬೇಕಾಗಿರುವುದು ಬೆಳಕು. ಪ್ಯಾನಲ್ 25 ಡಿಗ್ರಿಗಿಂತ ಬಿಸಿಯಾದರೆ ಪ್ರತಿ ಡಿಗ್ರಿಗೂ ಸುಮಾರು ಶೇ 0.3ರಿಂದ 0.4ರಷ್ಟು ಉತ್ಪಾದನೆ ಇಳಿಯುತ್ತದೆ. ಪ್ಯಾನಲ್ ಕೆಳಗೆ ಗಾಳಿಯಾಡಲು ಜಾಗ ಬಿಡುವುದು ಇದಕ್ಕೇ.

ಎತ್ತರ ಆಗಿಬರಲ್ವಾ? ಫ್ರಿಜ್, ಏರ್ ಕಂಡೀಷನರ್ (ಇದೂ ಎಸಿಯೇ, ಕರೆಂಟ್ ಅಲ್ಲ) ರಿಪೇರಿ ಕಲಿಯಿರಿ. ಇದನ್ನು ಹಸಿರು ಕೆಲಸ ಅಂತ ಯಾರೂ ಕರೆಯುವುದಿಲ್ಲ, ನನಗದು ಬೇಜಾರು. ಹಲವು ಎಸಿಗಳಲ್ಲಿ ತಂಪು ಮಾಡಲು ಇರುವ ಆರ್-410ಎ ಗ್ಯಾಸ್ ಒಂದು ಕಿಲೋ ಸೋರಿದರೆ, ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ನೂರು ವರ್ಷದ ಲೆಕ್ಕದಲ್ಲಿ ಸುಮಾರು ಎರಡು ಸಾವಿರ ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ. ಅದನ್ನು ಗಾಳಿಗೆ ಬಿಡದೆ ಸಿಲಿಂಡರ್‌ಗೆ ಎಳೆದುಕೊಳ್ಳುವುದನ್ನು ಕಲಿಯಿರಿ. ದೇಶಗಳು ಸೇರಿ ಮಾಡಿಕೊಂಡ 2016ರ ಕಿಗಾಲಿ ಒಪ್ಪಂದದ ಪ್ರಕಾರ ಇಂಥ ಗ್ಯಾಸ್‌ಗಳ ಬಳಕೆ ಇಳಿಯಬೇಕು. ಬದಲಿಗೆ ಬರುತ್ತಿರುವುದರಲ್ಲಿ ಪ್ರೊಪೇನ್ ಕೂಡ ಇದೆ. ಅದು ಬೆಂಕಿ ಹಿಡಿಯುವ ಗ್ಯಾಸ್, ತರಬೇತಿ ಇಲ್ಲದೆ ಮುಟ್ಟುವಂತಿಲ್ಲ.

ಸೇರುವ ಮೊದಲು ನೀವೂ ಕೇಳಿ: ಕಲಿಯುವಾಗ ಸಂಬಳ ಇದೆಯಾ? ವಿಮೆ? ಸೇಫ್ಟಿ ಬೆಲ್ಟ್ ಯಾರು ಕೊಡುತ್ತಾರೆ? ‘ನೀವೇ ತಗೊಂಡು ಬನ್ನಿ’ ಅಂದರೆ ಬೇರೆ ಕಡೆ ನೋಡಿ.