ರಂಧ್ರ ಕೊರೆದು ಲೋಹದ ಮೇಲ್ಪದರದ ಉಳಿಕೆ ಒತ್ತಡವನ್ನು ಅಳೆಯುವ ಕ್ರಮ

ಹೊರಗಿನ ಭಾರ ಯಾವುದೂ ಇಲ್ಲದಿರುವಾಗಲೂ ಲೋಹದೊಳಗೆ ಉಳಿದಿರುವ ಒತ್ತಡವನ್ನು ರೆಸಿಡ್ಯುಯಲ್ ಸ್ಟ್ರೆಸ್, ಅಂದರೆ ಉಳಿಕೆ ಒತ್ತಡ ಎನ್ನುತ್ತಾರೆ. ಮತ್ತೆ ಮತ್ತೆ ಭಾರ ಬಿದ್ದು ಆಗುವ ಲೋಹದ ದಣಿವಿನಿಂದ ಹುಟ್ಟುವ ಬಿರುಕುಗಳು ಹೆಚ್ಚಾಗಿ ಮೇಲ್ಮೈಯಲ್ಲೇ ಆರಂಭವಾಗುವುದರಿಂದ ಮೊದಲ ಒಂದು ಮಿಲಿಮೀಟರ್ ಆಳದೊಳಗಿನ ಒತ್ತಡವು ಭಾಗಗಳ ಆಯುಸ್ಸಿನ ಮೇಲೆ ಬಹಳ ಪ್ರಭಾವ ಬೀರುತ್ತದೆ. ಅದನ್ನು ಅಳೆಯಲು ಎಎಸ್‌ಟಿಎಂ ಎಂಬ ಮಾನದಂಡ ಸಂಸ್ಥೆಯ ಇ837 ಮಾನದಂಡ ವಿವರಿಸುವ ರಂಧ್ರ ಕೊರೆಯುವ ವಿಧಾನ ಬಹಳ ಬಳಕೆಯಲ್ಲಿದೆ. ರಂಧ್ರ ಕೊರೆದಾಗ ಅಲ್ಲಿದ್ದ ಒತ್ತಡ ಬಿಡುಗಡೆಯಾಗಿ ಸುತ್ತಲಿನ ಲೋಹ ತುಸು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ; ಈ ಬದಲಾವಣೆಯನ್ನು (ಸ್ಟ್ರೇನ್) ಮೇಲ್ಮೈಗೆ ಅಂಟಿಸಿದ ಸ್ಟ್ರೇನ್ ಗೇಜ್ ಎಂಬ ತೆಳು ಸಂವೇದಕದಿಂದ ಅಳೆದು ಒತ್ತಡವನ್ನು ಲೆಕ್ಕ ಹಾಕುತ್ತಾರೆ. ಶಾಟ್ ಪೀನಿಂಗ್, ಅಂದರೆ ಸಣ್ಣ ಗುಂಡುಗಳನ್ನು ರಭಸದಿಂದ ಬಡಿದು ಮೇಲ್ಪದರವನ್ನು ಒತ್ತುವ ಕೆಲಸ, ಮಾಡಿದ ಉಕ್ಕಿನ ಭಾಗವೊಂದನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಮೊದಲು ಮೇಲ್ಮೈಯನ್ನು ಜಿಡ್ಡಿಲ್ಲದಂತೆ ಶುಚಿಗೊಳಿಸಿ, ಗೇಜ್ ಹಿಡಿಯುವಷ್ಟು ಮಾತ್ರ ನಯವಾದ ಎಮೆರಿ ಕಾಗದದಿಂದ ಕೈಯಲ್ಲೇ ಹಗುರವಾಗಿ ಉಜ್ಜಬೇಕು. ಗ್ರೈಂಡರ್ ಹಿಡಿದರೆ ಅಳೆಯಬೇಕಾದ ಒತ್ತಡವೇ ಬದಲಾಗುತ್ತದೆ. ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿದ ಮೂರು ಸ್ಟ್ರೇನ್ ಗೇಜ್‌ಗಳಿರುವ ರೊಸೆಟ್ ಅನ್ನು ಸಯನೋಅಕ್ರಿಲೇಟ್ ಅಂಟಿನಿಂದ ಅಂಟಿಸಿ, ತಂತಿಗಳನ್ನು ಬೆಸೆದು, ಭಾಗದ ಉಷ್ಣತೆ ಸ್ಥಿರವಾದ ಮೇಲೆ ಮಾಪಕವನ್ನು ಸೊನ್ನೆಗೆ ತರಬೇಕು.

ಇನ್ನು ಕೊರೆಯುವ ಕೆಲಸ. ಫಲಿತಾಂಶ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಸೂಕ್ಷ್ಮದರ್ಶಕದಿಂದ ನೋಡುತ್ತ ಕಟರ್ ಅನ್ನು ರೊಸೆಟ್‌ನ ನಡುಬಿಂದುವಿಗೆ ಸರಿಯಾಗಿ ಹೊಂದಿಸಬೇಕು. ಗಾಳಿಯಿಂದ ತಿರುಗುವ ಅತಿವೇಗದ ಟರ್ಬೈನ್ ಮತ್ತು ಟಂಗ್‌ಸ್ಟನ್ ಕಾರ್ಬೈಡ್ ಕಟರ್ ಬಳಸಿದರೆ ಕೊರೆತದಿಂದಲೇ ಹುಟ್ಟುವ ಹೊಸ ಒತ್ತಡ ಕಡಿಮೆ. ಗೇಜ್‌ನ ಹಿಂಪದರವನ್ನು ನಿಧಾನವಾಗಿ ಸವೆಸುತ್ತ ಹೋಗಿ, ಕಟರ್ ಲೋಹವನ್ನು ಮುಟ್ಟಿದ ಕ್ಷಣವನ್ನು ವಿದ್ಯುತ್ ಸಂಪರ್ಕದಿಂದ ಗುರುತಿಸಿ, ಅದನ್ನೇ ಆಳದ ಸೊನ್ನೆ ಎಂದು ಹಿಡಿಯಬೇಕು. ಈ ಸೊನ್ನೆ ತಪ್ಪಿದರೆ ಮೊದಲ ಕೆಲವು ಹಂತಗಳ ಲೆಕ್ಕವೆಲ್ಲ ತಪ್ಪುತ್ತದೆ, ಮತ್ತು ಮೇಲ್ಪದರದ ಅಧ್ಯಯನದಲ್ಲಿ ನಮಗೆ ಮುಖ್ಯವಾದವು ಆ ಹಂತಗಳೇ. ಮೂರು ಗೇಜ್ ಕೂತಿರುವ ವೃತ್ತದ ವ್ಯಾಸ 5.13 ಮಿ.ಮೀ. ಇರುವ ಸಾಮಾನ್ಯ ರೊಸೆಟ್‌ಗೆ ಸುಮಾರು 2 ಮಿ.ಮೀ. ವ್ಯಾಸದ ರಂಧ್ರವನ್ನು ಹಂತಕ್ಕೆ 0.05 ಮಿ.ಮೀ.ನಂತೆ ಒಟ್ಟು 1 ಮಿ.ಮೀ. ಆಳದವರೆಗೆ ಕೊರೆಯುತ್ತಾರೆ. ಪ್ರತಿ ಹಂತದ ನಂತರ ಕಟರ್ ನಿಲ್ಲಿಸಿ, ಅಂಕಿ ಅಲುಗಾಡದೆ ನಿಂತ ಮೇಲೆಯೇ ಮೂರೂ ಗೇಜ್‌ಗಳ ಸ್ಟ್ರೇನ್ ಬರೆದುಕೊಳ್ಳಬೇಕು.

ಶಾಟ್ ಪೀನಿಂಗ್‌ನಿಂದ ಮೇಲ್ಪದರದಲ್ಲಿ ಸಂಕುಚನ ಒತ್ತಡವಿರುವುದರಿಂದ, ರಂಧ್ರ ಆಳವಾದಂತೆ ಗೇಜ್‌ಗಳು ಧನ ಸ್ಟ್ರೇನ್ (ಹಿಗ್ಗುವಿಕೆ) ತೋರಿಸಬೇಕು. ಚಿಹ್ನೆ ತಿರುಗುಮುರುಗಾಗಿದ್ದರೆ ತಂತಿಯ ಜೋಡಣೆಯನ್ನೇ ಮೊದಲು ಪರೀಕ್ಷಿಸುವುದು ಒಳ್ಳೆಯದು. ಆಳಕ್ಕೆ ತಕ್ಕಂತೆ ಒತ್ತಡ ಬದಲಾಗುವ ಇಂಥ ಭಾಗಗಳಿಗೆ ಪ್ರತಿ ಹಂತದ ಆಳದ ಒತ್ತಡವನ್ನು ಬೇರೆ ಬೇರೆಯಾಗಿ ಬಿಡಿಸುವ ಇಂಟಿಗ್ರಲ್ ವಿಧಾನದ ಲೆಕ್ಕ ಬೇಕು. ಅದು ಅಳತೆಯ ಸಣ್ಣ ದೋಷವನ್ನೂ ದೊಡ್ಡದು ಮಾಡುವುದರಿಂದ, ಏರಿಳಿತವನ್ನು ಹದಗೊಳಿಸಲು ಟಿಖೋನೊವ್ ರೆಗ್ಯುಲರೈಸೇಶನ್ ಎಂಬ ಗಣಿತ ಕ್ರಮ ಬಳಸುತ್ತಾರೆ. ಒತ್ತಡವು ಲೋಹದ ಯೀಲ್ಡ್ ಮಿತಿಯ (ದಾಟಿದರೆ ಲೋಹ ಮೊದಲ ಆಕಾರಕ್ಕೆ ಮರಳದ ಮಿತಿ) ಹತ್ತಿರವಿದ್ದರೆ ರಂಧ್ರದ ಅಂಚು ಶಾಶ್ವತವಾಗಿ ವಿರೂಪಗೊಂಡು, ಲೆಕ್ಕದಲ್ಲಿ ಒತ್ತಡ ವಾಸ್ತವಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ತೀರಾ ಹೊರಗಿನ ಕೆಲವೇ ಮೈಕ್ರಾನ್‌ಗಳ ಒತ್ತಡ ತಿಳಿಯಬೇಕಾದರೆ ಈ ವಿಧಾನ ಸಾಲದು. ಅಲ್ಲಿ ಲೋಹದ ಹರಳಿನ ಪದರಗಳ ಅಂತರವನ್ನು ಎಕ್ಸ್-ಕಿರಣದಿಂದ ಅಳೆಯುವ ಎಕ್ಸ್-ರೇ ಡಿಫ್ರಾಕ್ಷನ್ ಬೇಕಾಗುತ್ತದೆ. ಅದರಿಂದ ಆಳಕ್ಕೆ ಹೋಗಬೇಕೆಂದರೆ ಪದರಗಳನ್ನು ಯಂತ್ರದಿಂದ ಕೆತ್ತದೆ, ದ್ರಾವಣದಲ್ಲಿ ವಿದ್ಯುತ್ ಹರಿಸುವ ಎಲೆಕ್ಟ್ರೋಪಾಲಿಶಿಂಗ್‌ನಿಂದಲೇ ಕರಗಿಸಿ ತೆಗೆಯಬೇಕು.